ಕಾಳಮ್ಮನ ಮಕ್ಕಳು ಗುಂಪು ಬಿಟ್ಟ ದಿನ

…ಇಲ್ಲ ಲಕ್ಷ್ಮೀಶರೇ, ಕೂತ್ಕೊಳ್ಳಿ. ನೀವು ಮೆಲ್ಬರ್ನ್‌ಗೆ ಹೋಗುವುದು ನಾಳೆ, ಅಲ್ಲಿ ನಮ್ಮ ಮಗ ಜಯೇಶನಿಗೆ ಎಂತ ಕಳಿಸುವುದು ಅಂತ ಆಮೇಲೆ ನೋಡುವ. ಟಿವಿಯಲ್ಲಿ ಇದು ಲೈವ್ ಮಾರಾಯ್ರೆ, ಆಫ್ರಿಕಾದ ಕಾಡಿನಿಂದ. ನಮ್ಮ ಸಂಜೆ ನಾಲ್ಕು ಅಂದ್ರೆ ಅಲ್ಲಿ ಬೆಳಿಗ್ಗೆ. ಈ ದೂಮಪ್ಪನಿಗೆ ತಲೆ ಕೆಟ್ಟಿದೆ ಅಂತ ನಮ್ಮ ಇಡೀ ಬ್ಲ್ಯಾಕ್‌ಟೌನ್ ಊರೇ ಹೇಳ್ತದೆ, ನನಗೆ ಗೊತ್ತುಂಟು. ಹೇಳ್ಲಿ.

ಅಗೋ, ಆ ಕಿವಿ ಹರಿದ ಸಿಂಹಿಣಿ ಕಾಳಮ್ಮ. ಹೆಸರು ನಾನೇ ಇಟ್ಟದ್ದು. ಹಿಂದೆ ಅವಳ ಗಂಡುಮಕ್ಕಳು, ತೇಜಸ್, ಸುಘೋಷ್. ಮೂರು ವರ್ಷ ಆಗ್ಲಿಲ್ಲ, ಕುತ್ತಿಗೆಗೆ ನಾಲ್ಕು ಕೂದಲು ಬಂದದ್ದೇ ಇಲ್ಲೇ ಕಾಯಂ ಇರುವ ಪಿಆರ್ ವೀಸಾ ಸಿಕ್ಕಿದವರ ಹಾಗೆ ನಡಿಗೆ… ಎಂತ ನಗ್ತೀರಿ? ಇವರನ್ನು ನೋಡ್ಲಿಕ್ಕೇ ಇವತ್ತು ನಾರ್ವೆಸ್ಟ್ ಆಫೀಸಿಗೆ ರಜೆ ಹಾಕಿದ್ದೇನೆ. ‘ಫ್ಯಾಮಿಲಿ ಎಮರ್ಜೆನ್ಸಿ’ ಅಂತ ಬರೆದೆ. ಮ್ಯಾನೇಜರ್ ಪಾಪ, ಹೂ ಕಳಿಸಿದ್ದಾಳೆ. ಮೇಜಿನ ಮೇಲೆ ಉಂಟು ನೋಡಿ.

ನಿಮ್ಮ ಮೈಸೂರಿನವರಿಗೆ ಇದು ಅರ್ಥ ಆಗ್ಲಿಕ್ಕಿಲ್ಲ. ಸಿಂಹಗಳದ್ದು ನಮ್ಮ ಉಡುಪಿ ಕಡೆಯ ಹಾಗೆ ಅಳಿಯಸಂತಾನ. ಮನೆ ಹೆಂಗಸರದ್ದು. ಅಜ್ಜಿ, ಅಮ್ಮ, ಚಿಕ್ಕಮ್ಮ, ಮಗಳು, ಎಲ್ಲ ಅಲ್ಲೇ. ಗಂಡು ಬೆಳೆದ ಮೇಲೆ ಹೊರಗೆ. ಅಪ್ಪನಿಗೂ ಅಲ್ಲಿ ಹಕ್ಕಿಲ್ಲ, ಬರೀ ಗರ್ಜನೆ… ಹೌದು, ನನ್ನ ಹೆಂಡತಿ ಜಲಜಾಕ್ಷಿಯೂ ನನಗೆ ಅದನ್ನೇ ಹೇಳುವುದು.

ಎದ್ದ. ನೋಡಿ, ಅಪ್ಪ ಎದ್ದ. ಬೇಡ ಮಾರಾಯ, ಬೇಡ… ಕಚ್ಚಿದ. ಸ್ವಂತ ಮಗನ ಸೊಂಟಕ್ಕೆ! ಓಡಿದ್ರು ಇಬ್ಬರೂ. ಏ ಮುಠ್ಠಾಳ, ಕರಿ ಅವರನ್ನು, ಈಗಲೇ ಕರಿ, ಆಮೇಲೆ ಸಿಗುವುದಿಲ್ಲ…

ಟಿವಿ ನೋಡುವುದು ಬಿಟ್ಟು ನನ್ನನ್ನು ಎಂತ ನೋಡ್ತೀರಿ? ನಮ್ಮ ಜಯೇಶನದ್ದು ಬೇರೆ ವಿಷಯ. ಅವನಿಗೆ ಕೆಲಸ ಸಿಕ್ಕಿತು, ಹೋದ. ಖುಷಿಯಲ್ಲೇ ಹೋದ. ಸೂಟ್‌ಕೇಸ್ ಬಾಗಿಲ ತನಕ ನಾನೇ ತಂದು… ಇಟ್ಟೆ. ಕೋರ್ಸ್ ಅರ್ಧಕ್ಕೆ ಬಿಟ್ಟು ಕೂದಲು ಕತ್ತರಿಸ್ಲಿಕ್ಕೆ ಕಲೀತೇನೆ ಅಂದ. ಆಗ ಸ್ವಲ್ಪ ಜೋರು ಮಾತಾಗಿರಬಹುದು. ಫೆನ್ಸಿನ ಆಚೆ ನಿಮಗೆ ಕೇಳಿಸಿತಾ? ಕೇಳಿದ್ರೂ ತುಳು ಅಲ್ವಾ, ನಿಮಗೆ ಬರುವುದಿಲ್ಲ. ನಾನು ಬಯ್ಯುವುದು ತುಳುವಿನಲ್ಲೇ. ಹಾಗಾಗಿ ಈ ಬೀದಿಯಲ್ಲಿ ಮರ್ಯಾದೆ ಉಳಿದದ್ದು…

ಯಾಕೆ ತಲೆ ತಗ್ಗಿಸಿದ್ರಿ?

ಹೌದು. ಮನೆಯಿಂದ ಹೊರಗೆ ನಡೆ ಅನ್ನುವುದು ಯಾವ ಭಾಷೆಯಲ್ಲಾದ್ರೂ ಗೊತ್ತಾಗ್ತದೆ.

ಇರ್ಲಿ. ರೊಟ್ಟಿಯ ಪ್ಯಾಕೆಟ್ ಒಂದುಂಟು, ಕೋಳಿ ಸಾರಿಗೆ ಅವನಿಗೆ ಅದೇ ಆಗ್ಬೇಕು. ಕೊಟ್ಟುಬಿಡಿ. ಅಡ್ರೆಸ್ ಈ ಮೊಬೈಲಿನಲ್ಲಿ ಎಲ್ಲೋ… ಹುಡುಕ್ತೇನೆ, ಒಂದು ನಿಮಿಷ. ಮೊನ್ನೆ ಕೂಡ ಕಳಿಸಿದ್ದ…

ಅಲ್ಲ, ನೀವು ಅಡ್ರೆಸ್ ಕೇಳ್ಲೇ ಇಲ್ಲ.

ಬಂದಾಗಿನಿಂದ ಕೇಳ್ಲಿಲ್ಲ… ನಿಮ್ಮ ಹತ್ರ ಉಂಟು. ನಿಮಗೆ ಕೊಟ್ಟಿದ್ದಾನೆ.

ಅವನು ಹೋಗಿ ಆರು ತಿಂಗಳಾಯ್ತು ಲಕ್ಷ್ಮೀಶರೇ. ಅವನ ಸಬರ್ಬ್ ಯಾವುದು ಅಂತಲೂ ನನಗೆ ಗೊತ್ತಿಲ್ಲ. ಬೇಡ, ಹೇಳ್ಬೇಡಿ, ಅವನಿಗೆ ಮಾತು ಕೊಟ್ಟಿರ್ತೀರಿ. ಹೊತ್ತಿಗೆ ಸರಿಯಾಗಿ ಊಟ ಮಾಡ್ತಾನಾ? ಅಷ್ಟು ಹೇಳಿ, ಸಾಕು.