ಟವಲಿನ ಕೆಳಗಿನ ಕೈ

ತಂಗಿ ಗಾದ್ರಮ್ಮ, ಅವಳ ಮಗ ಕೆಂಚೇಶ್, ಜಗಳೂರಿನ ಹಿರಿಯರೇ, ಚನ್ನಗಿರಿಯಿಂದ ನನ್ನ ಜೊತೆ ಬಸ್ಸಿನಲ್ಲಿ ಕುಲುಕಾಡಿಕೊಂಡು ಬಂದವರೇ — ಎಲ್ಲರಿಗೂ ಶರಣು.

ನಾನು ಮಲ್ಲೇಶಪ್ಪ. ದನದ ದಲ್ಲಾಳಿ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು. ನನಗಿಂತ ಮೊದಲು ಮೈಕು ಹಿಡಿದವರೆಲ್ಲ ತೀರಿಹೋದ ನಮ್ಮ ತಿಪ್ಪೇರುದ್ರಸ್ವಾಮಿಯನ್ನು ದೇವರು ಮಾಡಿ ಕೂರಿಸಿಬಿಟ್ಟಿರಿ. ದೇವರಂತೆ, ದೇವರು! ಅವನ ಜೊತೆ ಒಂದು ದಿನ ಸಂತೆ ಮಾಡಿದ್ದರೆ ಗೊತ್ತಾಗುತ್ತಿತ್ತು. ತಪ್ಪು ತಿಳಿಯಬೇಡ ತಂಗಿ, ನಾನು ಅವನನ್ನು ಏಕವಚನದಲ್ಲೇ ಕರೆಯುವುದು. ಬಹುವಚನ ಹಾಕಿದರೆ ಅವನಿಗೇ ನಗು ಬಂದೀತು.

ಏಯ್ — ಹಿಂದೆ ಕೂತವನೇ, ಆ ಮೊಬೈಲು ಬಂದ್ ಮಾಡು.

ನಮ್ಮಿಬ್ಬರ ದನದ ವ್ಯಾಪಾರ ಹೆಂಗೆ ಅಂತ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. ಇಗೋ, ಹಿಂಗೆ — ಮೇಲೆ ಟವಲು, ಕೆಳಗೆ ಎರಡು ಕೈ. ಬೆರಳು ಹಿಡಿದೇ ದರ ಹೇಳಬೇಕು. ಸುತ್ತ ನಿಂತವರಿಗೆ ಸುಳಿವು ಸಿಗಬಾರದು. ಈ ಕೆಲಸದಲ್ಲಿ ಅವನ ಕೈ ನನಗೆ ಅವನ ಮುಖಕ್ಕಿಂತ ಚೆನ್ನಾಗಿ ಗೊತ್ತಿತ್ತು. ಆ ಕೈ ನಡುಗಾಕೆ ಶುರುವಾದದ್ದನ್ನು ಮೊದಲು ಕಂಡವನೂ ನಾನೇ. ನಡುಗುವ ಕಾಯಿಲೆ, ಪಾರ್ಕಿನ್ಸನ್ ಅಂದರು ಡಾಕ್ಟರು. ಹೆಂಡತಿ ಗಾದ್ರಮ್ಮ ಅವನಿಗೆ ಅರ್ಧ ಲೋಟ ಚಹಾ ಕೊಡುತ್ತಿದ್ದಳು. ಅದರಲ್ಲಿ ಅರ್ಧ ಚೆಲ್ಲಿ ನನ್ನ ಅಂಗಿಗೆ.

ಹಿಂಗಿರುವಾಗ ಡಾಕ್ಟರ್ ರೂಪಶ್ರೀ ಬಂದರು. ಅವರಪ್ಪನಿಗೆ ನಾವು ಎತ್ತು ಕೊಡಿಸಿದ್ದೆವು. ಅವರ ಆಸ್ಪತ್ರೆಯಲ್ಲಿ ಒಂದು ಸಮಿತಿ — ಸಂಶೋಧನೆ ಮಾಡಬಹುದೋ ಬಾರದೋ ಅಂತ ನೋಡುವುದು. ಅದರಲ್ಲಿ ಡಾಕ್ಟರಲ್ಲದ ಒಬ್ಬ ಸಾಮಾನ್ಯ ಮನುಷ್ಯ ಇರಬೇಕಂತೆ. ಅದಕ್ಕೆ ಇವನನ್ನು, ನಮ್ಮ ತಿಪ್ಪೇರುದ್ರಸ್ವಾಮಿಯನ್ನು, ಕರೆದರು. "ಮಲ್ಲೇಶಿ ಇಲ್ದೆ ನಾನು ಬರಾಕಿಲ್ಲ" ಅಂದ. ಹಾಗಾಗಿ ಸಾಮಾನ್ಯರು ಇಬ್ಬರಾದೆವು.

ಮೂರು ವರ್ಷದ ಹಿಂದೆ ಒಂದು ವಿಷಯ ಬಂತು. ಮಕ್ಕಳಾಗದವರಿಗೆ ಲ್ಯಾಬಿನಲ್ಲಿ ಭ್ರೂಣ ಮಾಡುತ್ತಾರಲ್ಲ, ಕೆಲವು ಮಿಗುತ್ತವೆ. ಅವನ್ನು ಹಿಮದಲ್ಲಿ ಇಡುತ್ತಾರೆ. ಸಾಸಿವೆಗಿಂತಲೂ ಚಿಕ್ಕವು. ಅಂಥ ಒಂದರಿಂದ ಮೂಲಕೋಶ, ಅಂದರೆ ಸ್ಟೆಮ್ ಸೆಲ್ ತೆಗೆದು ಬೆಳೆಸಿದರೆ, ಮುಂದೊಂದು ದಿನ ನಡುಗುವ ಕಾಯಿಲೆಗೆ ಔಷಧಿ ಸಿಕ್ಕೀತು ಅಂತ ಆಸೆ. ಆದರೆ ತೆಗೆದರೆ ಆ ಭ್ರೂಣ ಉಳಿಯುವುದಿಲ್ಲ. ಮೊದಲಿಗೆ ಒಂದು ಮನೆಯವರು ತಮ್ಮ ಸೊಸೆಯ ಮಿಕ್ಕ ಭ್ರೂಣ ಕೊಡುತ್ತೇವೆ ಅಂದಿದ್ದರು.

ನಾನು ಮೇಜು ಗುದ್ದಿದೆ. "ಅದು ಜೀವ ಕಣ್ರೀ! ಮುಟ್ಟಬೇಡ್ರಿ!"

ಇವನು ಅಂದ, "ಮಿಕ್ಕಿದ್ದನ್ನ ಹೆಂಗೂ ಒಂದಿನ ಚೆಲ್ತಾರಲ್ಲೋ. ಚೆಲ್ಲಾಕೆ ನಿನ್ನ ತಕರಾರಿಲ್ಲ, ಕಲಿಯಾಕೆ ಐತಾ?"

"ನಿನ್ನ ಕೈ ನಡುಗ್ತೈತೆ, ಅದಕ್ಕೆ ಹಂಗಂತೀಯ!"

ಇವನು ನಿಧಾನಕ್ಕೆ ಎದ್ದು ಅಧ್ಯಕ್ಷರಿಗೆ ಕೈ ಮುಗಿದ. "ಮಲ್ಲೇಶಿ ಹೇಳಿದ್ದು ಖರೇ ಐತ್ರಿ. ಇದ್ರಾಗೆ ನನಗೆ ಲಾಭ ಐತೆ. ನನ್ನ ವೋಟು ಬ್ಯಾಡ. ಆದ್ರೆ ಆ ಹೆಣ್ಮಗಳನ್ನ ಒಂದು ಮಾತು ಕೇಳಾಕೆ ಬಿಡ್ರಿ."

ಹೊರಗೆ ಸುದ್ದಿ ಹಬ್ಬಿತ್ತು. ಒಂದು ಪಕ್ಷದವರು ಫೋನು ಮಾಡಿ, ಇದನ್ನು ನಿಲ್ಲಿಸಿ ಅಂತ ಧರಣಿಗೆ ಕರೆದರು. ಇನ್ನೊಂದು ಪಕ್ಷದವರು, ಔಷಧಿ ನಮ್ಮ ಕಾಲದಲ್ಲೇ ಬಂತು ಅಂತ ಫ್ಲೆಕ್ಸ್ ಹಾಕಿಸಾಕೆ ಇವನ ಫೋಟೋ ಕೇಳಿದರು. ಇಬ್ಬರಿಗೂ ಇವನದು ಒಂದೇ ಉತ್ತರ — "ಮೊದ್ಲು ಅವಳನ್ನ ಕೇಳಿದ್ರಾ?"

ಆ ಹೆಣ್ಣುಮಗಳ ಹೆಸರು ಹೇಳುವುದಿಲ್ಲ. ಊರೂ ಹೇಳುವುದಿಲ್ಲ. ಈ ಕಥೆ ಹೇಳಲು ಅವಳ ಒಪ್ಪಿಗೆ ಕೇಳಿಯೇ ಬಂದಿದ್ದೇನೆ. ಕೇಳದೆ ಹೇಳಿದ್ದರೆ ಇವನು ಆ ಫೋಟೋದಿಂದ ಇಳಿದು ಬಂದು ನನ್ನ ಕಿವಿ ಹಿಂಡುತ್ತಿದ್ದ.

ಅವಳು ಗಂಡನ ಜೊತೆ ಬಂದಳು, ಅತ್ತೆಯೂ ಬಂದರು. ಮಾತಾಡಿದ್ದೆಲ್ಲ ಅತ್ತೆಯೇ. "ಕೊಡ್ತೀವ್ರೀ, ನಮ್ಮನೆಯೋರು ದಾನಕ್ಕೆ ಹಿಂದೆ ಬಿದ್ದೋರಲ್ಲ." ರೂಪಶ್ರೀ ಉಪಾಯ ಮಾಡಿ ಅತ್ತೆ, ಮಗ ಇಬ್ಬರನ್ನೂ ಚಹಾ ಕುಡಿಸಲು ಕರೆದುಕೊಂಡು ಹೋದರು. ಉಳಿದದ್ದು ಅವಳು, ನಾವಿಬ್ಬರು.

ಆಗ ಇವನು ಟವಲು ತೆಗೆದು ಕೈ ಮೇಲೆ ಹಾಕಿಕೊಂಡ. ನನಗೆ ಹಳೇ ಚಾಳಿ ನೋಡಿ — ಏನೋ ಗುಟ್ಟು ಹೇಳುತ್ತಾನೆ ಅಂತ ನಾನೂ ಕೈ ತೂರಿಸಿದೆ. ಇವನು ಬೆರಳು ಹಿಡಿಯಲಿಲ್ಲ. ನನ್ನ ಇಡೀ ಮುಂಗೈಯನ್ನು ಗಟ್ಟಿಯಾಗಿ ಹಿಡಿದ. ನಡುಕ ಅವಳ ಕಣ್ಣಿಗೆ ಬೀಳಬಾರದು — ಅಷ್ಟೇ.

ಅವಳು ಕೇಳಿದಳು, "ಅಜ್ಜ, ಈ ನಡುಗೋ ಕಾಯಿಲೆ ನಿಮಗೆ ಗೊತ್ತಿದ್ದೋರಿಗೆ ಯಾರಿಗಾದ್ರೂ ಐತಾ?"

"ನಮ್ಮ ಸುದ್ದಿ ಬಿಡವ್ವ. ನಿನ್ನ ಮನಸ್ಸಲ್ಲಿ ಏನೈತೆ?"

"ನನಗೆ ಇನ್ನೊಂದು ಮಗು ಬೇಕು ಅನ್ಸುತ್ತೆ. ಅವು ಬೇಕಾಗ್ತವೆ, ಈಗ ಕೊಡಾದು ಬ್ಯಾಡ ಅಜ್ಜ."

"ಹಂಗಾದ್ರೆ ಬ್ಯಾಡ. ಮುಗೀತು. ಅತ್ತೆಗೆ ನಾವು ಹೇಳ್ತೀವಿ."

ಹೊರಗೆ ಬಂದ ಮೇಲೆ ನಾನು ಕೂಗಾಡಿದೆ. ಬೇಡ ಅಂದವನು ನಾನು, ಆದರೂ ಕೂಗಾಡಿದೆ! "ಮಾರಾಯಾ, ಒಂದ್ಸಲ ಕೈ ತೋರ್ಸಿದ್ರೆ ಸಾಕಿತ್ತು, ಅವಳು ಹೂಂ ಅಂತಿದ್ಲು!"

"ಅದಕ್ಕೇ ತೋರ್ಸಲಿಲ್ಲ" ಅಂದ. "ನಡಿ, ಮಿರ್ಚಿ ತಿನ್ನಣ."

ಹೋದ ವರ್ಷ ಅವಳಿಗೆ ಎರಡನೇ ಮಗು ಆಯಿತು. ಈ ವರ್ಷ ಆಸ್ಪತ್ರೆಗೆ ಬಂದು, ಉಳಿದವನ್ನು ಸಂಶೋಧನೆಗೆ ಕೊಡುತ್ತೇನೆ ಅಂದಳು. ಅದು ಜೀವ ಅಂತ ನಾನು ಇವತ್ತಿಗೂ ಅನ್ನುತ್ತೇನೆ, ಸಮಿತಿಯಲ್ಲೂ ಅಂದೆ. ಆದರೆ ಅಡ್ಡ ನಿಲ್ಲಲಿಲ್ಲ. ಇವನು ಹಾಸಿಗೆ ಹಿಡಿದಿದ್ದ. ಹೋಗಿ ಸುದ್ದಿ ಹೇಳಿದೆ. ಔಷಧಿ ಯಾವಾಗ ಬರುತ್ತೆ ಅಂತ ಕೇಳಲಿಲ್ಲ ಮಹಾಶಯ. "ಅತ್ತೆ ಕರ್ಕಂಬಂದಿದ್ರಾ?" ಅಂದ.

"ಇಲ್ಲಪ್ಪ. ಅವಳೇ ಗಂಡನ್ನ ಎಳಕಂಡು ಬಂದಿದ್ಲು."

ನಕ್ಕ ನೋಡಿ! ಮಂಚ ಅಲ್ಲಾಡುವ ಹಾಗೆ ನಕ್ಕ. ಗಾದ್ರಮ್ಮ ಗಾಬರಿಯಾಗಿ ಓಡಿ ಬಂದಳು. ಹೌದೋ ಅಲ್ಲವೋ ತಂಗಿ?

ಸಾಕು. ಇನ್ನು ಮಾತಾಡಿದರೆ ನನ್ನ ಸಿಟ್ಟು ಇಳಿದುಹೋಗುತ್ತೆ, ಅದು ನನಗೆ ಒಗ್ಗುವುದಿಲ್ಲ. ಎಲ್ಲರೂ ಎದ್ದು ನಿಲ್ಲಿ. ಕುರ್ಚಿ ಸದ್ದು ಮಾಡಬೇಡಿ. ಅವನ ನೆನಪಿಗೆ ಒಂದು ನಿಮಿಷ ಸುಮ್ಮನಿರೋಣ. ನಾನು ಮಾತ್ರ ಈ ಟವಲು ಹಿಂಗೆ ಕೈ ಮೇಲೆ ಹಾಕಿಕೊಂಡು ನಿಲ್ಲುತ್ತೇನೆ — ಯಾಕೆ ಅಂತ ಯಾರೂ ಕೇಳಬೇಡಿ.