ಲಾಭದ ಸುತ್ತು

ಎರಡು ಗಂಟೆಯಿಂದ ಅಧ್ಯಕ್ಷರ ಕುರ್ಚಿಯನ್ನು ಅಲುಗದೆ ಅಲಂಕರಿಸಿರುವ ನೀಲಪ್ಪನವರೇ, ಗದಗಿನಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದು ಇಲ್ಲಿ ಕುಳಿತಿರುವ ಮುಖ್ಯ ಅತಿಥಿಗಳೇ, ತರಬೇತಿ ಮುಗಿಸಿ ಪ್ರಮಾಣಪತ್ರಕ್ಕೆ ಕಾದಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಚಹಾ ಆದ ಮೇಲೂ ಎದ್ದು ಹೋಗದ ದೊಡ್ಡ ಮನಸ್ಸಿನ ಸಭಿಕರೇ,

ರೋಣದ ಇತಿಹಾಸದಲ್ಲಿ ಸುವರ್ಣಾಕ್ಷರಗಳಲ್ಲಿ ಬರೆದಿಡಬೇಕಾದ ಸಂಗತಿಯೊಂದನ್ನು ಮೊದಲಿಗೆ ಘೋಷಿಸುತ್ತೇನೆ. ಈ ಸಭಾಭವನದ ಎಡಸಾಲಿನ ಮೂರನೆಯ ಫ್ಯಾನು ತಿರುಗುತ್ತಿದೆ.

ಚಪ್ಪಾಳೆ ಬೇಡ. ಆ ಫ್ಯಾನು ಹನ್ನೊಂದು ವರ್ಷ ನಿಂತಿತ್ತು. ನಿಂತ ಮೊದಲ ವರ್ಷವೇ ಏಣಿ ಹತ್ತಿ, ನಾಡಿ ಹಿಡಿದು, ಇದು ತೀರಿಕೊಂಡಿದೆ ಎಂದು ಸಾರಿದವನು ನಾನು. ನಾನು ಸಾರಿದ ಮೇಲೆ ಮುಗಿಯಿತು ಎಂದು ಈ ಊರು ನಂಬಿತ್ತು. ಹೋದ ವಾರ ಒಬ್ಬರು ಬಂದು, ಇಪ್ಪತ್ತು ನಿಮಿಷದಲ್ಲಿ ಅದನ್ನು ಎಬ್ಬಿಸಿ ಹೋದರು. ಅವರನ್ನು ಸನ್ಮಾನಿಸಲೆಂದೇ ನಾವೆಲ್ಲ ಇಲ್ಲಿ ಸೇರಿದ್ದೇವೆ. ಅವರ ಬಗ್ಗೆ ಎರಡು ಒಳ್ಳೆಯ ಮಾತಾಡಲು ನನ್ನನ್ನು ಕರೆದಿದ್ದಾರೆ. ಎರಡೇ ಎಂದಿದ್ದಾರೆ. ಹುಡುಕುತ್ತಿದ್ದೇನೆ.

ನಾನು ಕಳಕಪ್ಪ. ಬಸ್ ನಿಲ್ದಾಣದ ಹಿಂದೆ, ಇಪ್ಪತ್ತಾರು ವರ್ಷಗಳಿಂದ, ಸುಟ್ಟ ಮೋಟಾರುಗಳ ಹೊಟ್ಟೆ ಬಗೆದು ಹಳೆಯ ತಂತಿ ತೆಗೆದು ಹೊಸ ತಂತಿ ಸುತ್ತುವವನು. ಸನ್ಮಾನಿತರಾದ ಶ್ರೀಮತಿ ಬೀಬಿಜಾನ ಅವರು ಅದೇ ಕೆಲಸವನ್ನು ಅದೇ ರಸ್ತೆಯಲ್ಲಿ, ನನ್ನ ಅಂಗಡಿಯ ನೇರ ಎದುರಿಗೆ, ಒಂದೂವರೆ ವರ್ಷದಿಂದ ಮಾಡುತ್ತಿದ್ದಾರೆ. ಊರಿನಲ್ಲಿ ಬೇರೆ ಮಳಿಗೆಗಳು ಖಾಲಿ ಇರಲಿಲ್ಲವೇ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೇನೆ.

ಅವರಿಗೆ ಹೊದಿಸಿದ ಶಾಲಿನ ಅಂಚು ನಾಲ್ಕು ಬೆರಳಿದೆ. ಹಿರಿಯ ಮೆಕ್ಯಾನಿಕ್ ಎಂದು ನನಗೆ ಹೊದಿಸಿದ ಶಾಲಿನ ಅಂಚು ಎರಡು ಬೆರಳು. ನಾನು ಅಳೆಯಲಿಲ್ಲ, ಕಣ್ಣಿಗೆ ಬಿತ್ತು.

ಬೀಬಿಜಾನ ಅವರು ಮೊದಲು ಏನು ಮಾಡುತ್ತಿದ್ದರು? ನಮ್ಮ ಮಾರುಕಟ್ಟೆಯಲ್ಲಿ ಕಡಲೆ ಹಸನು ಮಾಡುತ್ತಿದ್ದರು. ಹದಿನೈದು ವರ್ಷ ಮೊರ ಹಿಡಿದ ಕೈ. ಸರಕಾರದ ಕೌಶಲ್ಯ ತರಬೇತಿ ಬಂತು. ತೊಂಬತ್ತು ದಿನ, ಫೀ ಇಲ್ಲ, ವಯಸ್ಸಾದವರಿಗೂ ಪ್ರವೇಶ. ಅವರು ದಿನಾಲೂ ಬಸ್ಸಿನಲ್ಲಿ ಗಜೇಂದ್ರಗಡಕ್ಕೆ ಹೋಗಿ ಕಲಿತು ಬಂದರು. ತೊಂಬತ್ತು ದಿನ! ನಾನು ನನ್ನ ಗುರುಗಳ ಅಂಗಡಿಯಲ್ಲಿ ಮೊದಲ ತೊಂಬತ್ತು ದಿನ ಕಸ ಹೊಡೆದೆ. ಎರಡನೆಯ ತೊಂಬತ್ತು ದಿನ ಅದೇ ಕಸವನ್ನು ಇನ್ನೂ ಚಲೋ ಹೊಡೆದೆ.

ಆ ತರಬೇತಿಯವರು ಮೊದಲು ಬಂದದ್ದು ನನ್ನ ಬಳಿಗೇ ಎಂಬುದು ನಿಮಗೆ ಗೊತ್ತಿರಲಿ. ನೀವೂ ಸೇರಿರಿ, ಹೊಸ ಪದ್ಧತಿ ಕಲಿಯುವಿರಿ, ಪ್ರಮಾಣಪತ್ರ ಸಿಗುತ್ತದೆ ಎಂದರು. ನನಗ ಕಲಸಾವ್ರು ಇನ್ನೂ ಹುಟ್ಟಿಲ್ರಿ ಎಂದು ಹೇಳಿ ಕಳಿಸಿದೆ. ಆಮೇಲೆ ತಿಳಿಯಿತು, ಬೀಬಿಜಾನ ಅವರು ಹುಟ್ಟಿ ಆಗಲೇ ಮೂವತ್ತೊಂಬತ್ತು ವರ್ಷವಾಗಿತ್ತು, ಚಿಕ್ಕನರಗುಂದದಲ್ಲಿ.

ನಾನು ಹೊಟ್ಟೆಕಿಚ್ಚಿನ ಮನುಷ್ಯನೇ? ಅಲ್ಲ. ನಾನು ಕೇವಲ ಲಕ್ಷ್ಯವಿಟ್ಟು ನೋಡುವ ಮನುಷ್ಯ. ಎದುರಿನ ಅಂಗಡಿಯ ಮುಂದೆ ಸೋಮವಾರ ಐದು ಮೋಟಾರು ಇಳಿದವು, ಮಂಗಳವಾರ ಏಳು. ನನ್ನ ಅಂಗಡಿಯ ಮುಂದೆ ಮಂಗಳವಾರ ಒಂದು ಆಕಳು ಮಲಗಿತ್ತು. ಊರಿನ ನೀರಿನ ಪಂಪು ಕೆಟ್ಟರೆ ಇನ್ನು ಪ್ರಮಾಣಪತ್ರ ಇದ್ದವರ ಕೈಗೇ ಕೊಡಬೇಕಂತೆ. ಇಪ್ಪತ್ತಾರು ವರ್ಷ ನನ್ನ ಕೈಯಿಂದ ನೀರು ಕುಡಿದ ಊರು ಹೀಗೆ ಮಾಡಬಹುದೇ? ಮಾಡಿತು.

ಈಗ ಒಂದು ಸಣ್ಣ ಸಂಗತಿ. ವಿಷಯಕ್ಕೆ ಸಂಬಂಧವಿಲ್ಲ, ಆದರೂ ಬಾಯಿಗೆ ಬಂದಿದೆ.

ಹೋದ ತಿಂಗಳು ಲಕ್ಕಲಕಟ್ಟಿಯ ಅಕ್ಬರಸಾಬ ಅವರ ಮೂರು ಎಚ್‌ಪಿ ಮೋಟಾರು ಟ್ರ್ಯಾಕ್ಟರಿನಲ್ಲಿ ಬಂತು. ಎಂಟು ವರ್ಷದ ಹಿಂದೆ ನಾನೇ ಸುತ್ತಿದ ಮೋಟಾರು, ಗುರುತು ಹಿಡಿದೆ. ಸುಟ್ಟದ್ದು ಕರೆಂಟಿನ ಒಂದು ಫೇಸು ಹೋಗಿ, ನನ್ನ ತಪ್ಪಲ್ಲ. ಟ್ರ್ಯಾಕ್ಟರು ನನ್ನ ಅಂಗಡಿಯ ಮುಂದೆ ನಿಧಾನವಾಯಿತು. ನಾನು ಎದ್ದು ನಿಂತೆ. ಅದು ನಿಧಾನವಾದದ್ದು ತಿರುಗಲಿಕ್ಕೆ. ತಿರುಗಿ ಎದುರಿಗೆ ಹೋಗಿ ನಿಂತಿತು.

ಮರುದಿನ ಮಧ್ಯಾಹ್ನ ಬೀಬಿಜಾನ ಅವರು ರಸ್ತೆ ದಾಟಿ ನನ್ನ ಅಂಗಡಿಗೆ ಬಂದರು. ಸೆರಗಿನೊಳಗೆ ಏನೋ ಮುಚ್ಚಿಕೊಂಡಿದ್ದರು. ಯಾರೂ ಇಲ್ಲವೆಂದು ನೋಡಿಕೊಂಡು ಟೇಬಲ್ಲಿನ ಮೇಲೆ ಇಟ್ಟರು. ಆ ಮೋಟಾರಿನಿಂದ ತೆಗೆದ, ನಾನೇ ಸುತ್ತಿದ ತಂತಿಯ ಒಂದು ಸುರುಳಿ.

“ಕಳಕಪ್ಪಣ್ಣಾರ, ಮೂರ ಎಚ್‌ಪಿಗೆ ನಿಮ್ಮ ಲೆಕ್ಕ ಎಷ್ಟ್ರಿ?”

“ನಲವತ್ನಾಕು. ನಮ್ಮ ಗುರುಗಳು ಬರಸಿದ ಪಟ್ಟಿ ಐತಿ ನನ್ನ ಕಡೆ.”

“ಹಂಗಾರ ಇದನ್ನೊಂದೀಟು ಎಣಸ್ರಿ.”

ಎಣಿಸಿದೆ. ಒಂದೊಂದೇ ಎಳೆ ಸರಿಸಿ, ಅವರ ಕಣ್ಣೆದುರಿಗೇ, ಗಟ್ಟಿಯಾಗಿ ಎಣಿಸಿದೆ. ಸರಿಯಾಗಿ ನಲವತ್ನಾಲ್ಕು ಬಂತು. ಗೆದ್ದೆ ಎಂದು ತಲೆ ಎತ್ತಿದೆ. ಅವರು ನಗಲಿಲ್ಲ. ನಕ್ಕಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಮೆಲ್ಲಗೆ ಹೇಳಿದರು:

“ಅಣ್ಣಾರ, ನೀವು ಲಾಭಾನ ಎಣಸಲಿಲ್ರಿ.”

ಸಭಿಕರೇ, ನನ್ನಪ್ಪ ದಲಾಲಿ ಅಂಗಡಿಯಲ್ಲಿ ಜೋಳ ಅಳೆಯುತ್ತಿದ್ದ. ಕಾಳು ಅಳೆಯುವಾಗ ನಮ್ಮಲ್ಲಿ ಒಂದು ಎನ್ನುವುದಿಲ್ಲ. ಮೊದಲ ಸೇರಿಗೆ ಲಾಭ ಎನ್ನುತ್ತಾರೆ. ಬೇರೆ ಅಂಗಡಿಗಳಲ್ಲಿ ಲಾಭ ಆದ ಮೇಲೆ ಎರಡು ಬರುತ್ತದೆ. ನನ್ನಪ್ಪನ ಸಾಹುಕಾರರ ಅಂಗಡಿಯಲ್ಲಿ ಲಾಭ ಆದ ಮೇಲೆ ಒಂದು ಬರುತ್ತಿತ್ತು. ಆ ಮೊದಲ ಸೇರು ಎಲ್ಲಿಗೆ ಹೋಗುತ್ತಿತ್ತು ಎಂಬುದನ್ನು ಇಲ್ಲಿ ಚರ್ಚಿಸುವುದು ಬೇಡ. ನಾನು ಲೆಕ್ಕ ಕಲಿತದ್ದು ಆ ರಾಶಿಯ ಮುಂದೆ ಕುಳಿತು. ಲಾಭ, ಒಂದು, ಎರಡು, ಮೂರು. ತಂತಿ ಸುತ್ತುವಾಗಲೂ ನನ್ನ ಬಾಯಿ ಹಾಗೆಯೇ ಓಡುತ್ತದೆ. ಸುತ್ತು ಎಣಿಸುವ ಯಂತ್ರ ಬಂದಾಗ, ಬಾಯಿರುವ ಮನುಷ್ಯನಿಗೆ ಯಂತ್ರ ಯಾಕೆ ಎಂದವನು ನಾನು. ಹಳೆಯ ತಂತಿ ಬಿಚ್ಚುವಾಗ ಎಣಿಸಬೇಕು ಎಂಬುದು ತರಬೇತಿಯ ಮೊದಲ ಪಾಠವಂತೆ. ನಾನು ಬಿಚ್ಚಿದ್ದನ್ನು ಎಂದೂ ಎಣಿಸಿದವನಲ್ಲ. ಪಟ್ಟಿ ಇರುವಾಗ ಎಣಿಸುವುದು ಗುರುಗಳಿಗೆ ಅವಮಾನವಲ್ಲವೇ?

ಅಂದರೆ ಇಪ್ಪತ್ತಾರು ವರ್ಷ, ಪ್ರತಿ ಸುರುಳಿಯಲ್ಲಿ ಒಂದು ಸುತ್ತು ಹೆಚ್ಚು, ನಲವತ್ನಾಲ್ಕು ಎಂದಲ್ಲಿ ನಲವತ್ತೈದು. ಕಳಕಪ್ಪನ ಮೋಟಾರು ತಣ್ಣಗ ಓಡತೈತಿ, ಆದರ ನೀರು ಒಂದೀಟು ಕಡಿಮಿ ಎತ್ತತೈತಿ ಎಂದು ರೈತರು ಹೇಳುತ್ತಿದ್ದರು. ಬಾವಿಯ ದೋಷ ಎಂದು ನಾನು ಅವರನ್ನು ಸಮಾಧಾನ ಮಾಡಿ ಕಳಿಸುತ್ತಿದ್ದೆ. ಎಷ್ಟು ಬಾವಿಗಳ ಮೇಲೆ ಅಪವಾದ ಹೊರಿಸಿದ್ದೇನೋ!

ಬೇರೆ ಯಾವ ಎಂಜಿನಿಯರೂ ಇದನ್ನು ಹಿಡಿಯುತ್ತಿರಲಿಲ್ಲ. ಮಾರುಕಟ್ಟೆಯ ರಾಶಿಯ ಪಕ್ಕ ಹದಿನೈದು ವರ್ಷ ಕುಳಿತ ಕಿವಿಗೇ ಇದು ಕೇಳುವಂಥದ್ದು. ಹೊರಡುವಾಗ ಬೀಬಿಜಾನ ಅವರು ಸುರುಳಿಯನ್ನು ಮತ್ತೆ ಸೆರಗಿಗೆ ಹಾಕಿಕೊಂಡರು.

“ಯಾರಿಗೂ ಹೇಳಾಂಗಿಲ್ರಿ ನಾ,” ಎಂದರು.

ಹೇಳಲೂ ಇಲ್ಲ. ನನ್ನ ಹೊಟ್ಟೆ ಉರಿದದ್ದು ಅಲ್ಲಿ. ಅವರ ಜಾಗದಲ್ಲಿ ನಾನಿದ್ದಿದ್ದರೆ ಡಂಗುರ ಹೊಡೆಸುತ್ತಿದ್ದೆ. ಕೆಲಸದಲ್ಲಿ ಮುಂದೆ ಹೋದರೆ ಹೋಗಲಿ. ದೊಡ್ಡ ಮನಸ್ಸಿನಲ್ಲೂ ಮುಂದೆ ಹೋದರೆ ಎದುರಿನ ಅಂಗಡಿಯವನು ಏನು ಮಾಡಬೇಕು? ಈ ಒಂದು ತಿಂಗಳಲ್ಲಿ ಅಕ್ಬರಸಾಬ ಅವರಿಗೂ ತಿಳಿದಿಲ್ಲ, ಊರಿಗೂ ತಿಳಿದಿಲ್ಲ. ಇವತ್ತಿನವರೆಗೆ ಯಾರಿಗೂ...

ತಿಳಿಯಿತಲ್ಲ ಈಗ. ಮೈಕು ಚಲೋ ಕೇಳಿಸುತ್ತಿದೆಯೇ ಹಿಂದಿನವರಿಗೆ? ಇರಲಿ. ಅದನ್ನೂ ಅವರೇ ರಿಪೇರಿ ಮಾಡಿದ್ದಂತೆ.

ಮನೆಯಲ್ಲಿ ನನ್ನ ಹೆಂಡತಿ ಚನ್ನವ್ವನಿಗೆ ಮಾತ್ರ ಹೇಳಿದ್ದೆ. ಎದುರಿನ ಅಂಗಡಿಯವರು ಇನ್ನು ತರಬೇತಿ ಕೇಂದ್ರದಲ್ಲಿ ಶಿಕ್ಷಕಿಯೂ ಆಗುತ್ತಾರಂತೆ, ಮುಂದಿನ ತಂಡಕ್ಕೆ ಅವರೇ ಕಲಿಸುತ್ತಾರಂತೆ ಎಂದು ಉರಿಯುತ್ತ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

“ಅಕಿ ಅಂಗಡಿ ಮುಂದ ಎಷ್ಟ ಮೋಟಾರ ಇಳದೂ ಅಂತ ಎಣಸೂದ ಸಾಕು. ನಿಮ್ಮ ಸುತ್ತ ನೀವು ಸರಿ ಎಣಸೂದ ಕಲೀರಿ.”

ಐವತ್ಮೂರು ವರ್ಷದವನು ಎಣಿಕೆ ಕಲಿಯಲು ಎಲ್ಲಿಗೆ ಹೋಗಬೇಕು? ನಾನು ಬೇರೆ ಊರುಗಳಲ್ಲಿ ವಿಚಾರಿಸಿದೆ. ನರಗುಂದದಲ್ಲಿ ಕೇಳಿದೆ, ಹೊಲಿಗೆ ಮಾತ್ರ ಇದೆ ಎಂದರು. ಮೋಟಾರಿನದು ಇರುವುದು ಗಜೇಂದ್ರಗಡದಲ್ಲಿ ಒಂದೇ. ಶಿಕ್ಷಕರೂ ಒಬ್ಬರೇ.

ಸಮಯವಾಯಿತೆಂದು ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಎರಡು ಒಳ್ಳೆಯ ಮಾತು ಆಡಬೇಕಿತ್ತು. ಒಂದು: ಬೀಬಿಜಾನ ಅವರು ಎಣಿಸಿದ್ದು ಸರಿ. ಎರಡು: ಎಣಿಸಿದ್ದನ್ನು ಹೇಳಲಿಲ್ಲ. ಮೂರನೆಯದನ್ನು ನನ್ನಿಂದ ನಿರೀಕ್ಷಿಸಬೇಡಿ.

ಕರೆದ ತರಬೇತಿ ಕೇಂದ್ರಕ್ಕೆ, ಕೇಳಿದ ನಿಮಗೆ, ಎರಡು ಬೆರಳ ಅಂಚಿನ ಶಾಲಿಗೆ, ಎಲ್ಲಕ್ಕೂ ಋಣಿ.

ಕೊನೆಗೆ ಒಂದು ಸಣ್ಣ ಉಪಕಾರ. ನನ್ನ ಕಿಸೆಯಲ್ಲಿ ಮುಂದಿನ ತಂಡದ ಅರ್ಜಿ ಇದೆ. ಫೋಟೋ ಹಚ್ಚಿದ್ದೇನೆ, ಹೆಸರು ತುಂಬಿದ್ದೇನೆ. ಶಿಕ್ಷಕರ ಸಹಿ ಒಂದು ಬಾಕಿ, ಕೊಡಲು ಇಂದೇ ಕಡೆಯ ದಿನ. ನಾನು ಕೈಯಾರೆ ಒಯ್ದು ಕೊಡುವುದು ಈ ಜನ್ಮದಲ್ಲಿ ಆಗುವ ಕೆಲಸವಲ್ಲ. ಮುಂದಿನ ಸಾಲಿನಲ್ಲಿ ಯಾರಾದರೂ ಎದ್ದು ಇದನ್ನು ಅವರಿಗೆ ಮುಟ್ಟಿಸಿ ಸಹಿ ಹಾಕಿಸಿಕೊಂಡು ಬನ್ನಿ. ಅಲ್ಲಿಯವರೆಗೆ ನಾನು ಕಿಟಕಿಯ ಕಡೆ ನೋಡುತ್ತಿರುತ್ತೇನೆ. ತರುವಾಗ ಮಾತ್ರ ಗಟ್ಟಿಯಾಗಿ ಹಿಡಿದುಕೊಳ್ಳಿ. ಆ ಮೂರನೆಯ ಫ್ಯಾನು ಈಗ ಭಾಳ ಗಾಳಿ ಬೀಸುತ್ತದೆ.

ನಮಸ್ಕಾರ.