ಬಸುರಿದ್ದಾಗ ಕುಡಿದದ್ದು

ಹುಕ್ಕೇರಿಯಲ್ಲಿ ಅಂಗವಿಕಲರ ಸರ್ಟಿಫಿಕೇಟಿನ ಸಾಲಿನಲ್ಲಿ ಅರ್ಜುನನ ಮುಂದೆ ಅವನಿಗೆ ಗುರುತಿಲ್ಲದ ಅತ್ತೆ-ಸೊಸೆ, ಕಾಡವ್ವ ಮತ್ತು ಸುಮನ, ನಿಂತಿದ್ದರು. ಸೊಸೆಯ ಕಂಕುಳಲ್ಲಿ ನಾಲ್ಕು ವರ್ಷದ, ಇನ್ನೂ ಮಾತು ಬಾರದ ಮಗಳು.

“ಬಸರಿದ್ದಾಗ ಕುಡೀತಿದ್ದೆ ಅಂತ ಡಾಕ್ಟರ್‌ಗೆ ಹೇಳಬ್ಯಾಡ, ಸುಮನ. ಕೂಸಿನ ಸರಕಾರಿ ಪಗಾರ ತಪ್ಪತೈತಿ.”

“ಕಬ್ಬು ಕಡಿಯೂವಾಗ ನಡಾ ನೋವಿಗೆ ಸಾರಾಯಿ ಕುಡಿಸಿದವರು ನೀವ ಅಲ್ರಿ, ಅತ್ತಿ?”

“ಎಲ್ಲಾರೂ ಕುಡೀತಾರ. ಎಲ್ಲಾರ ಮಕ್ಕಳೂ ಹಿಂಗ ಅದಾವೇನ?”

“ನಮ್ಮ ಗ್ಯಾಂಗಿನಾಗ ಇನ್ನೂ ಮೂರು ಅದಾವ್ರಿ. ಅವರ ಅವ್ವಂದಿರೂ ಬಾಯಿ ಬಿಟ್ಟಿಲ್ಲ.”

ಸಿಟ್ಟಿನಿಂದ ಅರ್ಜುನ ಒಂದು ಹೆಜ್ಜೆ ಮುಂದೆ ಬಂದ; ಅಷ್ಟರಲ್ಲಿ ಸುಮನಳೇ ಅತ್ತೆಯತ್ತ ತಿರುಗಿದಳು.

“ನಿಮ್ಮ ಮಗಳು ದೀಪಾ ಈಗ ಐದು ತಿಂಗಳ ಬಸರಿ. ಇವತ್ತೂ ಕಬ್ಬಿನ ಹೊಲದಾಗ ಅದಾಳ.”

ಒಳಗಿನಿಂದ ಮಗುವಿನ ಹೆಸರು ಕೂಗಿದರು. ಕಾಡವ್ವ ಸೊಸೆಯ ಮುಂದೆ ಕೈ ಚಾಚಿದಳು.

“ಫೋನ್ ಕೊಡ ಇಲ್ಲೆ. ನೀ ಒಳಗ ಹೋಗಿ ಖರೇನ ಹೇಳು.”

ಸುಮನ ಒಳಹೋದಳು. ಹೊರಬಾಗಿಲಿನತ್ತ ಓಡುತ್ತಲೇ ಕಾಡವ್ವ ಫೋನಿನಲ್ಲಿ ಕೂಗಿದಳು: “ಏ ದೀಪಾ, ಇವತ್ತ ಕುಡದಿಯೇನ?”